ಚಳಿನಾಡಿನಲ್ಲಿ ಬೀಜದಿಂದ ಹೂಪೊದೆ: ನನ್ನ ಟ್ರೇಗಳೇಕೆ ಖಾಲಿ?

ಉತ್ತರದ ಹಿತ್ತಲು (ಮಾರ್ಚ್ 11)

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯವಳು. ಆರು ವರ್ಷಗಳಿಂದ ಸ್ಕಾಟ್ಲೆಂಡಿನ ಎಡಿನ್‌ಬರಾದ ಹೊರವಲಯದಲ್ಲಿದ್ದೇನೆ. ಕಳೆದ ಮೇ ತಿಂಗಳಲ್ಲಿ ಇಲ್ಲಿನ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿ ರೋಡೋಡೆಂಡ್ರಾನ್ ಪೊದೆಗಳು ಹೂ ಹೊತ್ತು ನಿಂತಿರುವುದನ್ನು ನೋಡಿ ಬಂದ ಮೇಲೆ, ನಮ್ಮ ಹಿತ್ತಲಿನ ಹುಲ್ಲು ಕಿತ್ತು ದೂರದೇಶಗಳ ಹೂಪೊದೆಗಳನ್ನು ಬೆಳೆಸಬೇಕೆಂಬ ಆಸೆ ಹತ್ತಿಕೊಂಡಿತು. ಬೆಳೆದ ಗಿಡಗಳ ಬೆಲೆ ಕೇಳಿದಾಗ ಬೀಜವೇ ವಾಸಿ ಎನಿಸಿತು.

ಜನವರಿ ಕೊನೆಯ ವಾರದಲ್ಲಿ ಐದು ಬಗೆಯ ಬೀಜಗಳನ್ನು ಬಿತ್ತಿದೆ: ಕಿಂಗ್ ಪ್ರೋಟಿಯಾ ಹತ್ತು, ಬ್ರಗ್‌ಮ್ಯಾನ್ಸಿಯಾ ಎಂಟು, ಮರಪಿಯೋನಿ ಆರು, ಬಾಟಲ್ ಬ್ರಶ್ ಮತ್ತು ರೋಡೋಡೆಂಡ್ರಾನ್ ಆರ್ಬೋರಿಯಂ ತಲಾ ಒಂದು ಚಿಟಿಕೆ. ಎಲ್ಲಕ್ಕೂ ಅಂಗಡಿಯಲ್ಲಿ ಸಿಗುವ ಒಂದೇ ಚೀಲದ ಗೊಬ್ಬರಮಣ್ಣು ಹಾಕಿ, ಅರ್ಧ ಅಂಗುಲ ಮುಚ್ಚಿ, ಅಡುಗೆಮನೆಯ ಕಿಟಕಿಯ ಕಟ್ಟೆಯಲ್ಲಿ ಹೀಟರಿನ ಮೇಲೆಯೇ ಇಟ್ಟು, ದಿನಕ್ಕೆರಡು ಬಾರಿ ನೀರು ಹಾಕಿದ್ದೇನೆ. ಆರು ವಾರಗಳಾದವು. ಬಾಟಲ್ ಬ್ರಶ್ ಮಾತ್ರ ಟ್ರೇಯ ಅಂಚಿನಲ್ಲಿ ಏಳೆಂಟು ಸಸಿ ಬಂದಿತ್ತು. ಅವೂ ವಾರದೊಳಗೆ ಬುಡದಲ್ಲಿ ಕಪ್ಪಾಗಿ, ದಾರದಂತೆ ಸಣ್ಣಗಾಗಿ ಮಲಗಿಬಿಟ್ಟವು. ಉಳಿದ ಟ್ರೇಗಳಲ್ಲಿ ಹಸಿರು ಪಾಚಿಯ ಹೊರತು ಏನೂ ಇಲ್ಲ. ಶಾಖ ಸಾಲದೆ ಹೀಗಾಯಿತೇ? ಟ್ರೇ ಕೆಳಗೆ ಹಾಸುವ ವಿದ್ಯುತ್ ಹಾಸು ತರಿಸಲೇ, ಅಥವಾ ಈ ಆಸೆಯನ್ನೇ ಬಿಡಲೇ?

ಜಯನಗರದ ಜಾಜಿ (ಮಾರ್ಚ್ 11)

ಬೀಜದ ಗೊಡವೆಯೇಕೆ, ದಾಸವಾಳದಂತೆ ಒಂದು ಕಡ್ಡಿ ತಂದು ಚುಚ್ಚಿದರೆ ಸಾಕಲ್ಲವೇ?

ಗಾಜುಮನೆ (ಮಾರ್ಚ್ 11)

ಜಾಜಿಯವರೇ, ಕಡ್ಡಿ ಕೊಡಲು ಮೊದಲು ಯಾರ ಮನೆಯಲ್ಲಾದರೂ ಗಿಡವಿರಬೇಕಲ್ಲ! ಅದಲ್ಲದೆ ಪ್ರೋಟಿಯಾದ ಕಡ್ಡಿ ದಾಸವಾಳದಷ್ಟು ಸುಲಭವಾಗಿ ಬೇರು ಬಿಡುವುದಿಲ್ಲ. ಆದರೆ ನಿಮ್ಮ ಮಾತಿನಲ್ಲಿ ಒಂದು ಸತ್ಯವಿದೆ. ಕಡ್ಡಿಯಿಂದ ತಾಯಿಯಂಥದೇ ಗಿಡ ಸಿಗುತ್ತದೆ, ಬೀಜದಿಂದ ಸಿಗುವ ಖಾತರಿಯಿಲ್ಲ. ತೋಟದಲ್ಲಿ ಹತ್ತು ಜಾತಿಯ ರೋಡೋಡೆಂಡ್ರಾನ್ ಒತ್ತೊತ್ತಾಗಿದ್ದರೆ ದುಂಬಿ ಯಾವ ಹೂವಿನ ಪರಾಗವನ್ನು ಎಲ್ಲಿಗೆ ಒಯ್ದಿತೆಂದು ಹೇಳುವವರಾರು? ನಿರ್ದಿಷ್ಟ ಬಣ್ಣವೇ ಬೇಕೆನ್ನುವವರು ಬೀಜದ ತಂಟೆಗೆ ಹೋಗಬಾರದು.

ಕೂನೂರಿನ ಕೈತೋಟ (ಮಾರ್ಚ್ 12)

ಹಿತ್ತಲಿನವರೇ, ಆಸೆಯನ್ನು ಬಿಡಬೇಡಿ, ವಿದ್ಯುತ್ ಹಾಸನ್ನೂ ತರಿಸಬೇಡಿ. ನೀವು ಬಿತ್ತಿರುವ ಐದೂ ಐದು ಬೇರೆ ನೆಲಗಳಿಂದ ಬಂದವು. ಎಲ್ಲವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಒಂದೇ ಊಟ ಬಡಿಸಿದ್ದೀರಿ.

ನಿಮ್ಮ ಬರಹದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ‘ಅಂಚಿನಲ್ಲಿ’ ಎಂಬ ಪದ. ಬಾಟಲ್ ಬ್ರಶ್ ಬೀಜ ಧೂಳಿನಷ್ಟು ಸಣ್ಣದು. ಅರ್ಧ ಅಂಗುಲ ಮಣ್ಣನ್ನು ಎತ್ತಿಕೊಂಡು ಮೇಲೆ ಬರುವಷ್ಟು ಬುತ್ತಿ ಅದರಲ್ಲಿರುವುದಿಲ್ಲ. ನೀವು ಮೇಲಿನಿಂದ ನೀರು ಹೊಯ್ದಾಗ ಅಂಚಿನ ಮಣ್ಣು ಕೊಚ್ಚಿಹೋಗಿ ಅಲ್ಲಿನ ಬೀಜ ಬೆಳಕಿಗೆ ಬಂದಿದೆ, ಅಷ್ಟೇ ಮೊಳೆತಿದೆ. ರೋಡೋಡೆಂಡ್ರಾನ್ ಬೀಜವೂ ಹಾಗೆಯೇ. ಅದಕ್ಕೆ ಮೊಳೆಯಲು ಬೆಳಕೇ ಬೇಕು. ಇವೆರಡನ್ನೂ ಒದ್ದೆ ಮಿಶ್ರಣದ ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ, ಮೇಲೆ ಗಾಜಿನ ಹಲಗೆಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಮುಚ್ಚಿ 18ರಿಂದ 20 ಡಿಗ್ರಿಯಲ್ಲಿಟ್ಟರೆ ಎರಡು ವಾರದಿಂದ ಐದು ವಾರಗಳ ಒಳಗೆ ಹಸಿರು ಕಾಣಬೇಕು.

ಸಸಿಗಳು ಬುಡ ಕಪ್ಪಾಗಿ ಮಲಗಿದ್ದು ಸಸಿ ಸಾಯುವ ರೋಗ. ಪಿಥಿಯಂ, ರೈಜೊಕ್ಟೋನಿಯಾ ಮೊದಲಾದ ಬೂಸ್ಟಿನಂಥ ಸೂಕ್ಷ್ಮಜೀವಿಗಳ ಕೆಲಸವದು. ಅತಿ ನೀರು, ಗಾಳಿಯಾಡದಿರುವುದು, ದಟ್ಟವಾಗಿ ಬಿತ್ತುವುದು, ಗೊಬ್ಬರ ತುಂಬಿದ ಮಣ್ಣು, ಇವೆಲ್ಲ ಆ ರೋಗಕ್ಕೆ ಹಾಸಿಗೆ ಹಾಸಿಕೊಟ್ಟಂತೆ. ಟ್ರೇಯನ್ನು ನೀರಿನ ತಟ್ಟೆಯಲ್ಲಿ ಹತ್ತು ನಿಮಿಷ ಕೂರಿಸಿ ಕೆಳಗಿನಿಂದ ನೀರು ಕುಡಿಸಿ ತೆಗೆಯಿರಿ. ನಮ್ಮಲ್ಲಿ ಮಳೆನೀರನ್ನು ಮಾತ್ರ ಬಳಸುತ್ತೇವೆ. ನೀವೂ ಹಾಗೆಯೇ ಮಾಡಿ, ರೋಡೋಡೆಂಡ್ರಾನ್‌ಗೆ ಸುಣ್ಣದ ಅಂಶ ಆಗುವುದಿಲ್ಲ.

ಶಾಖದ ಹಾಸು ಬೇಕೆನ್ನುವುದಾದರೆ ಅದು ಬ್ರಗ್‌ಮ್ಯಾನ್ಸಿಯಾ ಒಂದಕ್ಕೆ ಮಾತ್ರ.

ಗಾಜುಮನೆ (ಮಾರ್ಚ್ 12)

ಕೂನೂರಿನವರು ಹೇಳಿದ್ದರಲ್ಲಿ ಮುಕ್ಕಾಲು ಒಪ್ಪುತ್ತೇನೆ, ಎರಡು ವಿಷಯಗಳಲ್ಲಿ ತಕರಾರಿದೆ. ಮೊದಲನೆಯದು ನೀರು. ನಾನು ಗ್ಲಾಸ್ಗೋದಲ್ಲಿದ್ದೇನೆ, ಸ್ಕಾಟ್ಲೆಂಡಿನ ಹೆಚ್ಚಿನ ಕಡೆ ನಲ್ಲಿ ನೀರು ಮೆದುನೀರೇ. ಬೆಂಗಳೂರಿನ ಕೊಳವೆಬಾವಿಯ ಗಡಸು ನೀರನ್ನು ನೆನೆದುಕೊಂಡು ಇಲ್ಲಿ ಮಳೆನೀರಿಗಾಗಿ ಪೀಪಾಯಿ ಇಡುವ ಅಗತ್ಯವಿಲ್ಲ; ಪೀಪಾಯಿಯಲ್ಲಿ ನಿಂತ ನೀರೇ ಎಳೆಯ ಸಸಿಗಳಿಗೆ ರೋಗ ತರಬಹುದು.

ಎರಡನೆಯದು ಬೆಳಕು. ಇಡೀ ಉತ್ತರದಲ್ಲಿ ಅದನ್ನು ಮೊಳಕೆಯ ಮಟ್ಟಿಗೆ ಮಾತ್ರ ಹೇಳಿ ಬಿಟ್ಟಿದ್ದೀರಿ. ಎಡಿನ್‌ಬರಾ ಇರುವುದು ಸುಮಾರು 56 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಬೆಂಗಳೂರು 13ರಲ್ಲಿ. ಇಲ್ಲಿ ಡಿಸೆಂಬರ್ ಕೊನೆಯಲ್ಲಿ ಹಗಲು ಏಳು ಗಂಟೆ. ಜನವರಿ ಕೊನೆಯಲ್ಲಿಯೂ ಎಂಟೂವರೆಯ ಆಸುಪಾಸು, ಅದೂ ಮೋಡ ಮುಚ್ಚಿದ ಬೆಳಕು. ಕೆಳಗೆ ಹೀಟರಿನ ಬಿಸಿ, ಮೇಲೆ ಮಬ್ಬು ಬೆಳಕು ಎಂದರೆ ಸಸಿ ಬಿಳಿಚಿಕೊಂಡು ನೀಳವಾಗಿ ಬೆಳೆದು ತನ್ನ ಭಾರಕ್ಕೇ ಬಾಗುತ್ತದೆ. ರೋಗ ಬರುವ ಮುಂಚೆಯೇ ಅದು ಅರೆಜೀವವಾಗಿರುತ್ತದೆ. ಹೀಗಾಗಿ ಒಂದೋ ಮಾರ್ಚ್ ಕೊನೆಯವರೆಗೆ ಕಾಯಬೇಕು, ಇಲ್ಲವೇ ಸಸಿಯ ಮೇಲೊಂದು ಗೇಣಿನಲ್ಲಿ ಎಲ್‌ಇಡಿ ದೀಪ ತೂಗುಹಾಕಿ ದಿನಕ್ಕೆ 14 ಗಂಟೆ ಉರಿಸಬೇಕು. ಜೂನ್‌ನಲ್ಲಿ ಇದೇ ಊರಿನಲ್ಲಿ ಹದಿನೇಳೂವರೆ ಗಂಟೆ ಹಗಲಿರುತ್ತದೆ. ಆಗ ಅವು ಓಡುವ ಓಟವನ್ನು ನೋಡಿ.

ಕೂನೂರಿನ ಕೈತೋಟ (ಮಾರ್ಚ್ 12)

ನೀರಿನ ವಿಷಯ ಒಪ್ಪಿದೆ. ಬೆಳಕಿನ ವಿಷಯದಲ್ಲಿ ನಾನು ಸೋತೆ. ನಮ್ಮಲ್ಲಿ ವರ್ಷವಿಡೀ ಹನ್ನೆರಡು ಗಂಟೆಯ ಹಗಲಿಗೆ ಒಗ್ಗಿಹೋಗಿ ಅದು ತಲೆಗೇ ಹೊಳೆಯಲಿಲ್ಲ.

ಮೈಸೂರು ಮೊಗ್ಗು (ಮಾರ್ಚ್ 13)

ಮೊಳೆಯದ ಬೀಜಗಳ ಮೇಲೆ ಕುದಿಯುವ ನೀರು ಸುರಿದು ರಾತ್ರಿಯಿಡೀ ಬಿಡಿ. ನಾನು ಹಾಗೆಯೇ ಮಾಡುತ್ತೇನೆ, ಎಲ್ಲವೂ ಮೊಳೆಯುತ್ತವೆ.

ಮೆಲ್ಬರ್ನ್ ಹೊಂಬಾಳೆ (ಮಾರ್ಚ್ 13)

ದಯವಿಟ್ಟು ಹಾಗೆ ಮಾಡಬೇಡಿ! ಬಿಸಿನೀರಿನ ಉಪಾಯ ವ್ಯಾಟಲ್‌ನಂಥ ಅಕೇಶಿಯಾಗಳಿಗೆ, ಗಟ್ಟಿ ಸಿಪ್ಪೆಯ ಕಾಳಿನ ಜಾತಿಗಳಿಗೆ ಸರಿ. ಅಲ್ಲಿಯೂ ಒಲೆಯ ಮೇಲೆ ಕುದಿಸುವುದಲ್ಲ, ಕುದಿದ ನೀರನ್ನು ಮೇಲೆ ಸುರಿದು ಆರಲು ಬಿಡುವುದು. ರೋಡೋಡೆಂಡ್ರಾನ್ ಬೀಜದ ಮೇಲೆ ಅದನ್ನೇ ಸುರಿದರೆ ಸಾರು ಮಾಡಿದಂತಾಗುತ್ತದೆ.

ಪ್ರೋಟಿಯಾ ಕುರಿತು ಯಾರೂ ಹೇಳದಿರುವುದರಿಂದ ನಾನು ಬರೆಯುತ್ತೇನೆ. ಅದು ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದ ಗಿಡ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಕಾಡು ಉರಿಯುತ್ತದೆ, ಶರತ್ಕಾಲದ ಮೊದಲ ಮಳೆಗೆ ಬೂದಿಯ ನಡುವೆ ಬೀಜ ಮೊಳೆಯುತ್ತದೆ. ಬೆಚ್ಚನೆಯ ಹಗಲು, ತಣ್ಣನೆಯ ರಾತ್ರಿ, ಈ ಏರಿಳಿತವೇ ಅದಕ್ಕೆ ಕರೆ. ಹಗಲಿರುಳೂ ಒಂದೇ ಸಮ ಬೆಚ್ಚಗಿರುವ ನಿಮ್ಮ ಅಡುಗೆಮನೆಯಲ್ಲಿ ಅದಕ್ಕೆ ಕಾಲವೇ ತಿಳಿಯುವುದಿಲ್ಲ. ಹಗಲು 20 ಡಿಗ್ರಿಯ ಆಸುಪಾಸಿಗೆ ಏರಿ ರಾತ್ರಿ 8 ಅಥವಾ 10ಕ್ಕೆ ಇಳಿಯುವ ಜಾಗ ಹುಡುಕಿ.

ಎರಡನೆಯ ಕರೆ ಹೊಗೆ. 1990ರಲ್ಲಿ ದಕ್ಷಿಣ ಆಫ್ರಿಕದ ಸಂಶೋಧಕರು ಕೇಪ್ ಪ್ರಾಂತದ ಒಂದು ಪೊದೆಯ ಬೀಜವು ಬೆಂಕಿಯ ಬಿಸಿಯಿಂದಲ್ಲ, ಹೊಗೆಯಿಂದಲೇ ಮೊಳೆಯುತ್ತದೆಂದು ತೋರಿಸಿದರು. ಹೊಗೆಯೊಳಗಿನ ಆ ವಸ್ತು ಯಾವುದೆಂಬುದು 2004ರಲ್ಲಿ ಗೊತ್ತಾಯಿತು. ಆ ಬಗೆಯ ವಸ್ತುಗಳನ್ನು ಈಗ ಕ್ಯಾರಿಕಿನ್ ಎನ್ನುತ್ತಾರೆ. ಹೊಗೆ ಹೀರಿಸಿ ಒಣಗಿಸಿದ ಕಾಗದದ ಬಿಲ್ಲೆಗಳು ಬೀಜದ ವ್ಯಾಪಾರಿಗಳ ಬಳಿ ಸಿಗುತ್ತವೆ. ಒಂದನ್ನು ನೀರಿನಲ್ಲಿ ನೆನೆಸಿ ಬೀಜವನ್ನು ಅದರೊಳಗೆ ಒಂದು ದಿನ ಬಿಡಬೇಕು. ಪ್ರೋಟಿಯಾಗಳೆಲ್ಲಕ್ಕೂ ಹೊಗೆ ಕಡ್ಡಾಯವಲ್ಲ, ಆದರೆ ಹಾಕಿದರೆ ಕೆಡುಕಿಲ್ಲ.

ಇನ್ನೊಂದು ಮಾತು, ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಪ್ರೋಟಿಯಾ, ಬ್ಯಾಂಕ್ಸಿಯಾ, ಗ್ರೆವಿಲಿಯಾ ಕುಟುಂಬಕ್ಕೆ ರಂಜಕ (ಫಾಸ್ಫರಸ್) ವಿಷ. ಬಡಮಣ್ಣಿನಲ್ಲಿ ಇರುವಷ್ಟು ರಂಜಕವನ್ನೂ ಹೀರಿಕೊಳ್ಳುವಂಥ ಕುಂಚದಾಕಾರದ ಬೇರುಗಳು ಅವುಗಳಿಗಿವೆ. ಗೊಬ್ಬರಮಣ್ಣಿನಲ್ಲಿ ಹಾಕಿದರೆ ಹೊಟ್ಟೆ ಬಿರಿಯುವಷ್ಟು ತಿಂದು ಸಾಯುತ್ತವೆ. ಊರಿನಲ್ಲಿ ಹೂಗಿಡವೆಂದರೆ ‘ಒಂದು ಹಿಡಿ ಮೂಳೆಪುಡಿ ಹಾಕಿ’ ಎನ್ನುವುದು ನಮ್ಮೆಲ್ಲರ ಬಾಯಿಪಾಠ. ನನ್ನ ಮೊದಲ ಗ್ರೆವಿಲಿಯಾವನ್ನು ನಾನು ಕೊಂದದ್ದು ಆ ಪುಡಿಯಲ್ಲಿನ ರಂಜಕದಿಂದಲೇ.

ಸೋಮವಾರಪೇಟೆ ಸಂಪಿಗೆ (ಮಾರ್ಚ್ 13)

ಬ್ರಗ್‌ಮ್ಯಾನ್ಸಿಯಾ ಎಂದರೆ ಕೆಳಮುಖವಾಗಿ ತೂಗುವ ಗಂಟೆ ಹೂವಲ್ಲವೇ? ಅದು ದತ್ತೂರದ ಹತ್ತಿರದ ಬಂಧು. ಎಲೆ, ಹೂ, ಬೀಜ ಎಲ್ಲವೂ ವಿಷ. ನಮ್ಮ ಮನೆಯಲ್ಲಿ ಅದರ ಕೊಂಬೆ ಕತ್ತರಿಸಿದ ಕೈಯಲ್ಲೇ ಕಣ್ಣುಜ್ಜಿಕೊಂಡ ನಮ್ಮ ಭಾವನವರಿಗೆ ಎರಡು ದಿನ ಒಂದು ಕಣ್ಣಿನ ಪಾಪೆ ಹಿಗ್ಗಿಯೇ ಇತ್ತು. ಮಕ್ಕಳಿರುವ ಮನೆಯ ಅಡುಗೆಮನೆಯಲ್ಲಿ ಆ ಬೀಜ ಇಡಬಾರದು.

ಮೊಳೆಯದಿರುವುದಕ್ಕೆ ಕಾರಣ ಅದರ ಬೆಂಡಿನಂಥ ಹೊರಸಿಪ್ಪೆ. ಒಂದು ದಿನ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಕೈಗವಸು ಹಾಕಿಕೊಂಡು ಆ ಬೆಂಡನ್ನು ಸುಲಿದು ಬಿತ್ತಿ. ಚೆನ್ನಾಗಿ ಬಂದರೆ ಮರುವರ್ಷವೇ ಹೂ ಬಿಡಬಹುದು. ಆದರೆ ಹಿಮ ತಾಗಿದರೆ ಹೋಯಿತು, ಚಳಿಗಾಲಕ್ಕೆ ಕುಂಡವನ್ನು ಒಳಗೆ ಎತ್ತಿಡಬೇಕು.

ಗಾಜುಮನೆ (ಮಾರ್ಚ್ 13)

ಇದಕ್ಕೊಂದು ಸೇರ್ಪಡೆ: ದಕ್ಷಿಣ ಅಮೆರಿಕದ ಈ ಗಿಡದ ಎಲ್ಲ ಜಾತಿಗಳೂ ಈಗ ಕಾಡಿನಲ್ಲಿ ಅಳಿದುಹೋಗಿವೆಯೆಂದು ಅಳಿವಿನ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿ ಹೇಳುತ್ತದೆ; ಉಳಿದಿರುವುದು ಮನುಷ್ಯರು ನೆಟ್ಟವು ಮತ್ತು ಅವುಗಳ ಸಂತತಿ. ಬೇಲಿಗೆ ನೆಟ್ಟವರಿಗೆ ಇದು ಗೊತ್ತಿರುವುದಿಲ್ಲ.

ನಿವೃತ್ತ ಮೇಷ್ಟ್ರು (ಮಾರ್ಚ್ 15)

ನಾನು ತೋಟಗಾರನಲ್ಲ, ಆದರೂ ಒಂದು ಪ್ರಶ್ನೆಯಿದೆ. ಆಫ್ರಿಕದ ಗಿಡವನ್ನು ಸ್ಕಾಟ್ಲೆಂಡಿಗೆ, ಚೀನಾದ ಗಿಡವನ್ನು ಕೂನೂರಿಗೆ ಎಳೆದೊಯ್ಯುವ ಈ ಹುಚ್ಚಿನಿಂದ ಸ್ಥಳೀಯ ಗಿಡಗಳಿಗೆ ಕೇಡಾಗುವುದಿಲ್ಲವೇ? ಊಟಿಯಲ್ಲಿ ಹಿಮ ಬೀಳುವ ಕಡೆಯೂ ಇಂಥವೆಲ್ಲ ಬೆಳೆಯುತ್ತವೆಂದ ಮೇಲೆ ಸ್ಕಾಟ್ಲೆಂಡಿನಲ್ಲಿ ಕಷ್ಟವೇನು ಎಂಬುದು ನನಗೆ ಅರ್ಥವಾಗಲಿಲ್ಲ.

ಕೂನೂರಿನ ಕೈತೋಟ (ಮಾರ್ಚ್ 15)

ಮೇಷ್ಟ್ರೇ, ನಿಮ್ಮ ಮೊದಲ ಪ್ರಶ್ನೆ ನೇರವಾಗಿ ನಮ್ಮ ಬೆಟ್ಟದ ಗಾಯಕ್ಕೇ ತಾಗಿತು. 19ನೇ ಶತಮಾನದಲ್ಲಿ ಆಸ್ಟ್ರೇಲಿಯಾದಿಂದ ಸೌದೆಗೆಂದು ತಂದ ವ್ಯಾಟಲ್ ಇಂದು ನೀಲಗಿರಿಯ ಹುಲ್ಲುಗಾವಲುಗಳನ್ನು ನುಂಗಿಹಾಕಿದೆ. ಇನ್ನೂ ಸ್ವಾರಸ್ಯದ ಮಾತೆಂದರೆ, ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಸಹಜವಾಗಿ ಬೆಳೆಯುವ ಗೋರ್ಸ್ ಮತ್ತು ಬ್ರೂಮ್ ಎಂಬ ಹಳದಿ ಹೂವಿನ ಪೊದೆಗಳನ್ನು ಊರಿನ ನೆನಪಿಗೆಂದು ಬ್ರಿಟಿಷರು ಇಲ್ಲಿಗೆ ತಂದರು. ಅವೂ ಈಗ ಇಲ್ಲಿ ಕಳೆ. ಗೋರ್ಸ್ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ, ಗಿಡ ಕಿತ್ತರೂ ಮುಗಿಯುವುದಿಲ್ಲ. ಹೀಗಾಗಿ ಬೀಜ ತಾನಾಗಿ ಉದುರಿ ಹರಡುವ ಪೊದೆಯೆಂದು ತಿಳಿದರೆ ನಾನು ಮುಟ್ಟುವುದಿಲ್ಲ.

ಚಳಿಯ ವಿಷಯ ಬೇರೆ. ಊಟಿಯ ಎತ್ತರ ಸುಮಾರು 2,240 ಮೀಟರ್. ಡಿಸೆಂಬರ್, ಜನವರಿಯ ತಿಳಿಯಾದ ರಾತ್ರಿಗಳಲ್ಲಿ ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟಿ ಬೆಳಗಾಗುವಾಗ ಮೈದಾನ ಬೆಳ್ಳಗಿರುತ್ತದೆ ನಿಜ, ಆದರೆ ಹತ್ತು ಗಂಟೆಗೆ ಬಿಸಿಲೇರಿ ಗಿಡ ಮೈ ಒಣಗಿಸಿಕೊಳ್ಳುತ್ತದೆ. ಅದು ಒಣಚಳಿ.

ಗಾಜುಮನೆ (ಮಾರ್ಚ್ 15)

ಇಲ್ಲಿಯದು ಒದ್ದೆಚಳಿ. ಎಷ್ಟೋ ಗಿಡಗಳು ಸೊನ್ನೆಗಿಂತ ಐದು ಡಿಗ್ರಿ ಕೆಳಗಿನ ಚಳಿಯನ್ನು ತಾಳಿಕೊಂಡು, ಆಮೇಲೆ ನಾಲ್ಕು ತಿಂಗಳು ಬಿಸಿಲಿಲ್ಲದೆ ಒದ್ದೆ ಮಣ್ಣಿನಲ್ಲಿ ನಿಂತು ಬೇರು ಕೊಳೆತು ಸಾಯುತ್ತವೆ. ಜನ ಮಾತ್ರ ‘ಚಳಿಗೆ ಸತ್ತಿತು’ ಎನ್ನುತ್ತಾರೆ. ಪಶ್ಚಿಮ ತೀರದ ಇನ್ವರ್‌ಯೂ ತೋಟ ಎಡಿನ್‌ಬರಾಗಿಂತಲೂ ಉತ್ತರದಲ್ಲಿದೆ. 1862ರಲ್ಲಿ ಬರೀ ಬಂಡೆಯ ಮೇಲೆ ಶುರುವಾದ ಆ ತೋಟದಲ್ಲಿ ದಕ್ಷಿಣ ಗೋಲಾರ್ಧದ ಪೊದೆಗಳು ಬಯಲಿನಲ್ಲೇ ಬೆಳೆದಿವೆ. ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹ, ಗಾಳಿ ತಡೆಯಲು ಮೊದಲೇ ನೆಟ್ಟ ಮರಗಳ ಸಾಲು, ಇಳಿಜಾರಿನಲ್ಲಿ ನೀರು ನಿಲ್ಲದಿರುವುದು, ಈ ಮೂರೂ ಸೇರಿ ಆದದ್ದು ಅದು.

ಮೇಷ್ಟ್ರ ಆತಂಕ ಇಲ್ಲಿಗೂ ಸಲ್ಲುತ್ತದೆ. ರೋಡೋಡೆಂಡ್ರಾನ್ ಪಾಂಟಿಕಂ ಎಂಬ ಜಾತಿ ಸ್ಕಾಟ್ಲೆಂಡಿನ ಪಶ್ಚಿಮದ ಕಾಡುಗಳ ನೆಲವನ್ನೇ ಮುಚ್ಚಿದೆ. ಹಿತ್ತಲಿನವರು ಬಿತ್ತಿರುವುದು ಅದಲ್ಲ.

ವ್ಯಾಂಕೂವರ್ ವಾಸಿ (ಮಾರ್ಚ್ 16)

ಜಾತಿಯ ಹೆಸರಿಗಿಂತಲೂ ಬೀಜ ಯಾವ ಎತ್ತರದಿಂದ ಬಂದಿದೆ ಎಂಬುದು ಮುಖ್ಯ, ಇದನ್ನು ಯಾರೂ ಕೇಳಲೇ ಇಲ್ಲ. ರೋಡೋಡೆಂಡ್ರಾನ್ ಆರ್ಬೋರಿಯಂ ಹಿಮಾಲಯದಲ್ಲಿಯೂ ಇದೆ, ನೀಲಗಿರಿಯಲ್ಲಿಯೂ ಇದೆ. ಚಳಿನಾಡಿಗೆ ಹಿಮಾಲಯದ ಎತ್ತರದ ಬೀಜವೇ ಬೇಕು. 1848ರಿಂದ 1850ರವರೆಗೆ ಸಿಕ್ಕಿಂನಲ್ಲಿ ಅಲೆದ ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ಲಂಡನ್ನಿನ ಕ್ಯೂ ಸಸ್ಯತೋಟಕ್ಕೆ ಕಳುಹಿಸಿದ್ದು ಅಂಥ ಎತ್ತರದ ಬೀಜಗಳನ್ನೇ. ಅವು ಬ್ರಿಟನ್ನಿನ ತೋಟಗಳಿಗೆ ಹಂಚಿಹೋದವು. ಹಾಗೆಯೇ ಚಿಲಿಯ ಬೆಂಕಿಪೊದೆ ಎಂಬ ಎಂಬೋಥ್ರಿಯಂ ಬ್ರಿಟನ್ನಿಗೆ ಮೊದಲೇ ಬಂದಿದ್ದರೂ ಚಳಿಗೆ ಸೊರಗುತ್ತಿತ್ತು. 1925ರಿಂದ 1927ರ ನಡುವೆ ಸಸ್ಯ ಸಂಗ್ರಾಹಕ ಹೆರಾಲ್ಡ್ ಕೋಂಬರ್ ಆಂಡೀಸ್‌ನ ನಾರ್ಕಿಂಕೊ ಕಣಿವೆಯಿಂದ ತಂದ ಬೀಜದ ಗಿಡಗಳು ಹೆಚ್ಚು ಚಳಿ ತಡೆದವು. ಗಿಡ ಒಂದೇ, ತವರು ಬೇರೆ.

ಎರಡೇ ವರ್ಷದಲ್ಲಿ ಹೂ ನೋಡಬೇಕೆಂದರೆ ಚಿಲಿಯ ಅಬ್ಯುಟಿಲಾನ್ ವಿಟಿಫೋಲಿಯಂ ಬಿತ್ತಿ. ನಮ್ಮ ಊರ ಬೇಲಿಗಳ ಶ್ರೀಮುದ್ರೆ ಗಿಡದ ಬಂಧುವದು. ತಿಳಿನೇರಳೆ ಹೂ ಬಿಡುತ್ತದೆ, ಬಹುಬೇಗ ಆಳೆತ್ತರವಾಗುತ್ತದೆ. ಆಯುಷ್ಯ ಮಾತ್ರ ಕಡಿಮೆ.

ಜಯನಗರದ ಜಾಜಿ (ಮಾರ್ಚ್ 16)

ಅಂದರೆ ಉಳಿದವು ಹೂ ಬಿಡಲು ಎಷ್ಟು ವರ್ಷ ಬೇಕು?

ವ್ಯಾಂಕೂವರ್ ವಾಸಿ (ಮಾರ್ಚ್ 16)

ಪ್ರೋಟಿಯಾ ನಾಲ್ಕೈದು ವರ್ಷ, ಬದುಕಿದರೆ. ಆರ್ಬೋರಿಯಂ ಹತ್ತು ವರ್ಷಕ್ಕಿಂತ ಹೆಚ್ಚೇ ಹಿಡಿಯುತ್ತದೆ. ನನ್ನದಕ್ಕೆ ಈಗ ಒಂಬತ್ತು. ನಾನಿನ್ನೂ ಎಲೆ ಎಣಿಸುತ್ತಿದ್ದೇನೆ.

ಉತ್ತರದ ಹಿತ್ತಲು (ಮಾರ್ಚ್ 18)

ಎಲ್ಲರಿಗೂ ಧನ್ಯವಾದಗಳು. ನನ್ನ ರೋಡೋಡೆಂಡ್ರಾನ್ ಬೀಜದ ಪೊಟ್ಟಣದ ಮೇಲೆ ಊರಿನ ಹೆಸರೇ ಇಲ್ಲ. ಅಂತರ್ಜಾಲದ ಒಬ್ಬ ಮಾರಾಟಗಾರನಿಂದ ತರಿಸಿದ್ದೆ. ಅದೇ ಪುಟದಲ್ಲಿ ನೀಲಿ ಕಮೇಲಿಯಾ ಬೀಜವನ್ನೂ ಮಾರುತ್ತಿದ್ದನೆಂಬುದು ಈಗ ನೆನಪಾಗುತ್ತಿದೆ.

ಗಾಜುಮನೆ (ಮಾರ್ಚ್ 18)

ನೀಲಿ ಕಮೇಲಿಯಾ ಎಂಬುದೇ ಇಲ್ಲ. ನಿಮ್ಮ ಟ್ರೇಯಲ್ಲಿ ಸಾಸಿವೆ ಬಂದರೆ ಒಗ್ಗರಣೆಗೆ ಬಳಸಿಕೊಳ್ಳಿ.

ಸೋಮವಾರಪೇಟೆ ಸಂಪಿಗೆ (ಮಾರ್ಚ್ 18)

ಮುಂದಿನ ಬಾರಿ ಊರಿಗೆ ಬಂದಾಗ ಸೂಟ್‌ಕೇಸಿನಲ್ಲಿ ನಾಲ್ಕು ಬಗೆಯ ಬೀಜ ಹಾಕಿಕೊಂಡು ಹೋಗಿ, ಯಾರು ಕೇಳುತ್ತಾರೆ?

ಗಾಜುಮನೆ (ಮಾರ್ಚ್ 18)

ಕೇಳುತ್ತಾರೆ. ಭಾರತದಿಂದ ಇಲ್ಲಿಗೆ ಬಿತ್ತನೆ ಬೀಜ ತರಲು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಹೊರಗಿನಿಂದ ಬಂದ ಒಂದು ರೋಗ ಎಷ್ಟು ಮರಗಳನ್ನು ತಿನ್ನಬಲ್ಲದೆಂಬುದನ್ನು ಫೈಟಾಫ್ತೊರಾ ರಮೋರಂ ಇಲ್ಲಿನ ಲಾರ್ಚ್ ತೋಪುಗಳಲ್ಲಿ ತೋರಿಸಿದೆ. ಅದು ರೋಡೋಡೆಂಡ್ರಾನ್ ಎಲೆಯ ಮೇಲೂ ಮನೆ ಮಾಡಿಕೊಳ್ಳುತ್ತದೆ. ಬೀಜ ಬೇಕಾದರೆ ತೋಟಗಾರರ ಸಂಘಗಳ ಬೀಜ ವಿನಿಮಯಕ್ಕೆ ಸೇರಿ. ಅಲ್ಲಿ ಎಷ್ಟೋ ಪೊಟ್ಟಣಗಳ ಮೇಲೆ ಬೀಜ ಆಯ್ದ ಜಾಗ, ಎತ್ತರ ಎರಡನ್ನೂ ಬರೆದಿರುತ್ತಾರೆ.

ಉತ್ತರದ ಹಿತ್ತಲು (ಮೇ 24)

ವರದಿ ಒಪ್ಪಿಸುತ್ತಿದ್ದೇನೆ. ಏಪ್ರಿಲ್ ಮೊದಲ ವಾರ ಪ್ರೋಟಿಯಾ ಬೀಜಗಳನ್ನು ಮಣ್ಣಿನಿಂದ ಆರಿಸಿ ತೆಗೆದೆ. ನಾಲ್ಕು ಕೊಳೆತಿದ್ದವು, ಉಳಿದ ಆರನ್ನು ಹೊಗೆನೀರಿನಲ್ಲಿ ನೆನೆಸಿ, ಗೊಬ್ಬರವಿಲ್ಲದ ಮರಳು, ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳು ಮತ್ತು ತೆಂಗಿನ ನಾರಿನ ಪುಡಿಯ ಮಿಶ್ರಣದಲ್ಲಿ ಬಿತ್ತಿ, ಹೀಟರ್ ಇಲ್ಲದ ಗಾಜಿನ ಪಡಸಾಲೆಯಲ್ಲಿಟ್ಟೆ. ಮೇ 9ರಂದು ಮೊದಲನೆಯದು ತಲೆಯೆತ್ತಿತು, ಈಗ ಮೂರಿವೆ. ಬಾಟಲ್ ಬ್ರಶ್‌ಗೆ ಹೊಸ ಬೀಜವನ್ನು ಪಕ್ಕದ ಮನೆಯವರ ಗಿಡದಿಂದಲೇ ಪಡೆದೆ. ಕಡ್ಡಿಗೆ ಅಂಟಿಕೊಂಡಿದ್ದ ಗಟ್ಟಿ ಕಾಯಿಗಳನ್ನು ಕಾಗದದ ಚೀಲದಲ್ಲಿ ಬೆಚ್ಚಗಿಟ್ಟಾಗ ಹತ್ತು ದಿನಕ್ಕೆ ತಾವೇ ಬಾಯಿಬಿಟ್ಟವು. ಟ್ರೇ ತುಂಬ ಸಸಿ, ಕೆಳಗಿನಿಂದಲೇ ನೀರು. ಬ್ರಗ್‌ಮ್ಯಾನ್ಸಿಯಾವನ್ನು ಮಗನಿಗೆ ಮೂರು ವರ್ಷ ತುಂಬಿರುವ ಕಾರಣ ಕೈಬಿಟ್ಟೆ. ರೋಡೋಡೆಂಡ್ರಾನ್ ಟ್ರೇಯಲ್ಲಿ ಬಂದದ್ದು ಹುಲ್ಲು.

ಮೆಲ್ಬರ್ನ್ ಹೊಂಬಾಳೆ (ಮೇ 24)

ಆರರಲ್ಲಿ ಮೂರು ಎಂದರೆ ನನ್ನ ಮೊದಲ ಪ್ರಯತ್ನಕ್ಕಿಂತ ಮೂರು ಹೆಚ್ಚು. ಮೂಳೆಪುಡಿಯ ಡಬ್ಬಿಯನ್ನು ಮನೆಯಿಂದಲೇ ಹೊರಗೆ ಹಾಕಿ.

ಉತ್ತರದ ಹಿತ್ತಲು (ಅಕ್ಟೋಬರ್ 6)

ಪ್ರೋಟಿಯಾ ಎರಡು ಉಳಿದಿವೆ. ಪ್ರಶ್ನೆ ಮರಪಿಯೋನಿಯದು. ಜನವರಿಯಿಂದ ಎಂಟು ತಿಂಗಳು ಕಳೆದರೂ ಒಂದು ಎಲೆಯಿಲ್ಲ. ಟ್ರೇಯನ್ನು ಗೊಬ್ಬರದ ಗುಂಡಿಗೆ ಸುರಿಯಲು ಹೊರಟಿದ್ದೇನೆ.

ವ್ಯಾಂಕೂವರ್ ವಾಸಿ (ಅಕ್ಟೋಬರ್ 6)

ಸುರಿಯಬೇಡಿ! ಒಂದು ಬೀಜದ ಪಕ್ಕದ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ನೋಡಿ.

ಉತ್ತರದ ಹಿತ್ತಲು (ಅಕ್ಟೋಬರ್ 6)

ನೋಡಿದೆ. ಬೆರಳುದ್ದದ ಬಿಳಿ ಬೇರು ಬಿಟ್ಟಿದೆ! ಆರರಲ್ಲಿ ನಾಲ್ಕಕ್ಕೆ ಬೇರಿದೆ, ಚಿಗುರಿನ ಸುಳಿವೇ ಇಲ್ಲ.

ವ್ಯಾಂಕೂವರ್ ವಾಸಿ (ಅಕ್ಟೋಬರ್ 6)

ಪಿಯೋನಿಯ ನಿದ್ದೆ ಎರಡು ಕಂತಿನದು. ಬೆಚ್ಚನೆಯ ಕಾಲದಲ್ಲಿ ಬೇರು ಮಾತ್ರ ಬಿಡುತ್ತದೆ. ಆಮೇಲೆ 5 ಡಿಗ್ರಿಯ ಆಸುಪಾಸಿನ ಚಳಿಯಲ್ಲಿ ಎರಡು ಮೂರು ತಿಂಗಳು ಕಳೆದ ಬಳಿಕವೇ ಚಿಗುರು ಏಳುತ್ತದೆ. ನಿಮ್ಮ ಅಡುಗೆಮನೆಯ ಹೀಟರು ಈ ಒಂದು ಬೀಜಕ್ಕೆ ಉಪಕಾರವನ್ನೇ ಮಾಡಿದೆ. ಈಗ ಮಣ್ಣು ಮುಚ್ಚಿ, ಟ್ರೇಯನ್ನು ಹೊರಗೆ ಗೋಡೆಯ ಮಗ್ಗುಲಿಗೆ, ಮಳೆ ನೇರವಾಗಿ ಬೀಳದಂತೆ ಇಡಿ. ಇಲಿ ಬಾರದಂತೆ ಮೇಲೊಂದು ತಂತಿಬಲೆ ಹಾಸಿ.

ನಿವೃತ್ತ ಮೇಷ್ಟ್ರು (ಅಕ್ಟೋಬರ್ 7)

ಇದು ಹೂ ಬಿಡುವುದು ಯಾವಾಗ?

ವ್ಯಾಂಕೂವರ್ ವಾಸಿ (ಅಕ್ಟೋಬರ್ 7)

ಐದಾರು ವರ್ಷವಾದರೂ ಬೇಕು, ಮೇಷ್ಟ್ರೇ.

ಉತ್ತರದ ಹಿತ್ತಲು (ಅಕ್ಟೋಬರ್ 7)

ಟ್ರೇ ಹೊರಗಿಟ್ಟಾಯಿತು. ತಂತಿಬಲೆ ಸಿಗಲಿಲ್ಲ, ಸದ್ಯಕ್ಕೆ ಒಲೆಯೊಳಗಿನ ಕಂಬಿಹಲಗೆಯನ್ನು ತೆಗೆದು ಮುಚ್ಚಿದ್ದೇನೆ. ಮನೆಯವರು ಇನ್ನೂ ನೋಡಿಲ್ಲ.